ಎದೆಯೊಳಗಿನ ಸ್ಪ್ರಿಂಗು, ಗಡಿಯಾಚೆಯ ಬಾಂಬೋಳಿ

ವಾಸ್ಕೋ ಬಳಿಯ ಝುವಾರಿನಗರದ ಸಾಲುಮನೆಗಳಲ್ಲಿ, ಮಾಪ್ಸಾದ ಕಟ್ಟಡ ಕೆಲಸಗಳಲ್ಲಿ, ಮಡಗಾಂವದ ಮಾರುಕಟ್ಟೆಯಲ್ಲಿ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಊರು ಕೇಳಿದರೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಎನ್ನುತ್ತಾರೆ. ಗೋವಾಕ್ಕೆ ದುಡಿಯಲು ಬಂದು ಎರಡು ಮೂರು ತಲೆಮಾರು ಕಳೆದ ಮನೆಗಳೂ ಇವೆ. ಇವರ ಮಾತಿನಲ್ಲಿ ‘ಸ್ಟೆಂಟ್’ ಎಂಬ ಶಬ್ದ ಅಪರೂಪ. ‘ಅಪ್ಪಗ ಹಾರ್ಟ್ ಅಟ್ಯಾಕ್ ಆಗಿತ್ರೀ, ಬಾಂಬೋಳ್ಯಾಗ ಸ್ಪ್ರಿಂಗ್ ಹಾಕ್ಯಾರ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಬಾಂಬೋಳಿ ಎಂದರೆ ಪಣಜಿ ಪಕ್ಕದ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆ. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಪಣಜಿಯಲ್ಲಿ ಶುರುವಾದ ವೈದ್ಯಕೀಯ ಶಾಲೆಯೇ ಬೆಳೆದು, ಜಾಗ ಬದಲಿಸಿ, ಇಲ್ಲಿಗೆ ಬಂದು ನಿಂತಿದೆ. ಕಾರವಾರ, ಅಂಕೋಲಾ, ಜೊಯಿಡಾದ ಜನರಿಗೂ ಬಾಂಬೋಳಿ ಮನೆಮಾತು.

ಸ್ಪ್ರಿಂಗ್ ಎಂಬ ಹೆಸರನ್ನು ತಿದ್ದಲು ಹೋಗುವ ವಿದ್ಯಾವಂತರನ್ನು ನೋಡಿದ್ದೇನೆ. ತಿದ್ದಬೇಕಾಗಿಲ್ಲ. 1969ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ವೈದ್ಯ ಚಾರ್ಲ್ಸ್ ಡಾಟರ್ ನಾಯಿಗಳ ಕಾಲಿನ ರಕ್ತನಾಳದೊಳಗೆ ಮೊದಲು ಕೂರಿಸಿ ನೋಡಿದ್ದು ಸುರುಳಿ ಸುತ್ತಿದ ತಂತಿಯನ್ನು, ಅಂದರೆ ನಿಜವಾದ ಸ್ಪ್ರಿಂಗನ್ನೇ. ಗೋವಾದ ಕನ್ನಡ ಕೂಲಿಕಾರರು ಬಳಸುವ ಪದ ಚರಿತ್ರೆಗೆ ಹತ್ತಿರವಾದದ್ದು. ‘ಸ್ಟೆಂಟ್’ ಎಂಬ ಪದಕ್ಕೇ ಹೃದಯದ ಸಂಬಂಧವಿಲ್ಲ. ಅದು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಎಂಬವರ ಹೆಸರು. ಹಲ್ಲಿನ ಅಚ್ಚು ತೆಗೆಯಲು ಅವರು ಒಂದು ಮೆತುವಾದ ಲೇಪ ಕಂಡುಹಿಡಿದರು. ಮೊದಲ ಮಹಾಯುದ್ಧದಲ್ಲಿ ಮುಖ ಒಡೆದುಕೊಂಡು ಬಂದ ಸೈನಿಕರಿಗೆ ಚರ್ಮ ಕಸಿ ಮಾಡುತ್ತಿದ್ದ ಡಚ್ ಶಸ್ತ್ರವೈದ್ಯ ಯೋಹಾನೆಸ್ ಎಸ್ಸರ್, ಕಸಿಯ ಚರ್ಮ ಜಾರದಂತೆ ಹಿಡಿದಿಡಲು ಅದೇ ಲೇಪವನ್ನು ಬಳಸಿದರು. ಕ್ರಮೇಣ, ಮೈಯೊಳಗಿನ ಯಾವುದನ್ನಾದರೂ ಮುಚ್ಚಿಹೋಗದಂತೆ ಎತ್ತಿ ಹಿಡಿಯುವ ಆಸರೆಗೆಲ್ಲ ಆ ಹೆಸರೇ ನಿಂತಿತು.

ಹೃದಯಕ್ಕೆ ಈ ಆಸರೆ ಏಕೆ ಬೇಕಾಯಿತು? ಹೃದಯ ಇಡೀ ದೇಹಕ್ಕೆ ರಕ್ತ ಕಳಿಸುವ ಸ್ನಾಯು. ಆದರೆ ತನ್ನ ಪಾಲಿನ ರಕ್ತವನ್ನು ಅದು ಮೈಮೇಲೆ ಹಬ್ಬಿದ ಮೂರು ಮುಖ್ಯ ನಾಳಗಳಿಂದಲೇ ಪಡೆಯಬೇಕು. ಪರಿಧಮನಿ ಎನ್ನುವ ಈ ನಾಳಗಳ ಒಳಗಿನ ಅಗಲ ಮೂರು, ನಾಲ್ಕು ಮಿಲಿಮೀಟರ್. ವರ್ಷಗಟ್ಟಲೆ ಅವುಗಳ ಗೋಡೆಯಲ್ಲಿ ಕೊಬ್ಬು ಸೇರುತ್ತಾ ದಾರಿ ಕಿರಿದಾಗುತ್ತದೆ. ಆಗ ಏರು ಹತ್ತಿದರೆ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಹೃದಯಾಘಾತ ಬೇರೆಯೇ ಘಟನೆ. ಕೊಬ್ಬಿನ ಗಂಟಿನ ಮೇಲಿನ ತೆಳುಪೊರೆ ಒಂದು ದಿನ ಒಡೆಯುತ್ತದೆ. ಒಡೆದ ಜಾಗಕ್ಕೆ ರಕ್ತ ಹೆಪ್ಪುಗಟ್ಟುತ್ತದೆ. ನಿಮಿಷಗಳಲ್ಲಿ ನಾಳ ಪೂರ್ತಿ ಮುಚ್ಚಿ, ಅದರಾಚೆಯ ಸ್ನಾಯು ಉಸಿರಿಲ್ಲದೆ ಸಾಯಲು ಶುರುವಾಗುತ್ತದೆ. ಸತ್ತ ಹೃದಯಸ್ನಾಯು ಮರಳಿ ಬೆಳೆಯುವುದಿಲ್ಲ. ಸ್ಟೆಂಟಿನ ಕಥೆಯನ್ನು ಈ ಒಂದು ಸಂಗತಿಯ ಜೊತೆಗಿಟ್ಟು ಓದಬೇಕು, ಏಕೆಂದರೆ ಎಷ್ಟು ಒಳ್ಳೆಯ ಸ್ಟೆಂಟೇ ಆದರೂ ತಡವಾಗಿ ಬಂದರೆ ಸತ್ತ ಸ್ನಾಯುವಿನ ಮುಂದೆ ಅದಕ್ಕೆ ಕೆಲಸವಿಲ್ಲ.

ಡಾಟರ್ ಮೊದಲು ಕೈ ಹಾಕಿದ್ದು ಹೃದಯಕ್ಕಲ್ಲ, ಕಾಲಿಗೆ. 82 ವರ್ಷದ ಮುದುಕಿಯೊಬ್ಬರ ಕಾಲಿನ ನಾಳ ಕಿರಿದಾಗಿ ಪಾದ ಕೊಳೆಯುತ್ತಿತ್ತು. ಕಾಲು ಕತ್ತರಿಸಬೇಕೆಂದು ವೈದ್ಯರು, ಬೇಡವೆಂದು ಆಕೆ. 1964ರ ಜನವರಿ 16ರಂದು ಡಾಟರ್ ಒಂದಕ್ಕಿಂತ ಒಂದು ದಪ್ಪದ ನಳಿಕೆಗಳನ್ನು ನಾಳದೊಳಗೆ ತೂರಿಸುತ್ತಾ ದಾರಿ ಅಗಲ ಮಾಡಿದರು. ಪಾದ ಉಳಿಯಿತು. ಆಕೆ ಕೊನೆಯವರೆಗೂ ತನ್ನೆರಡು ಕಾಲ ಮೇಲೇ ನಡೆದಾಡಿದರು.

ನಾಳವನ್ನು ಒಳಗಿನಿಂದಲೇ ಅಗಲ ಮಾಡುವ ಈ ಉಪಾಯವನ್ನು ಹೃದಯಕ್ಕೆ ತಂದವರು ಜರ್ಮನಿಯ ವೈದ್ಯ ಆಂಡ್ರಿಯಾಸ್ ಗ್ರುಂಟ್‌ಸಿಗ್. ಜೂರಿಚ್‌ನ ಬಾಡಿಗೆ ಮನೆಯ ಅಡುಗೆಮನೆ ಮೇಜಿನ ಮೇಲೆ ಪ್ಲಾಸ್ಟಿಕ್ ಕೊಳವೆ, ಅಂಟು, ದಾರ ಹರಡಿಕೊಂಡು, ಹೆಂಡತಿ ಮತ್ತು ಸಹಾಯಕಿಯ ಜೊತೆ ಸಂಜೆಗಳನ್ನು ಕಳೆದು, ನಳಿಕೆಯ ತುದಿಯಲ್ಲಿ ಉಬ್ಬುವ ಸಣ್ಣ ಬಲೂನು ಮಾಡಿದರು. ಸಾಮಾನ್ಯ ಬಲೂನು ಎಲ್ಲಿ ಮೆತ್ತಗಿದೆಯೋ ಅಲ್ಲಿ ಉಬ್ಬುತ್ತದೆ. ಗಟ್ಟಿ ಕೊಬ್ಬನ್ನು ಅದು ಒತ್ತುವುದಿಲ್ಲ. ಬೇಕಾದಷ್ಟೇ ಅಗಲಕ್ಕೆ ಉಬ್ಬಿ, ಆ ಆಕಾರದಲ್ಲೇ ಬಿಗಿಯಾಗಿ ನಿಲ್ಲುವ ಬಲೂನು ಬೇಕಿತ್ತು. ಅದು ಕೈಗೂಡಿದ ಮೇಲೆ 1977ರ ಸೆಪ್ಟೆಂಬರ್ 16ರಂದು 38 ವರ್ಷದ ರೋಗಿಯೊಬ್ಬರ ಹೃದಯದ ನಾಳವನ್ನು, ಎದೆ ಸೀಳದೆ, ರೋಗಿ ಎಚ್ಚರವಿದ್ದಂತೆಯೇ ತೆರೆದರು. ಹತ್ತು ವರ್ಷದ ನಂತರ ನೋಡಿದಾಗಲೂ ಆ ನಾಳ ತೆರೆದೇ ಇತ್ತು. ಅದನ್ನು ನೋಡಲು ಗ್ರುಂಟ್‌ಸಿಗ್ ಇರಲಿಲ್ಲ. 1985ರಲ್ಲಿ, 46ನೇ ವಯಸ್ಸಿನಲ್ಲಿ, ತಾವೇ ಓಡಿಸುತ್ತಿದ್ದ ವಿಮಾನ ಬಿದ್ದು ತೀರಿಕೊಂಡರು. ಅವರಿಂದ ಕಲಿತ ಮ್ಯಾಥ್ಯೂ ಸ್ಯಾಮುಯೆಲ್ ಕಳರಿಕ್ಕಲ್ 1986ರಲ್ಲಿ ಚೆನ್ನೈಯಲ್ಲಿ ಈ ಚಿಕಿತ್ಸೆಯನ್ನು ಭಾರತಕ್ಕೆ ತಂದರು.

ಬಲೂನಿಗೆ ಎರಡು ಕೊರತೆಗಳಿದ್ದವು. ಕೆಲವರಲ್ಲಿ ಬಲೂನು ತೆಗೆದ ಸ್ವಲ್ಪ ಹೊತ್ತಿನಲ್ಲೇ ನಾಳದ ಗೋಡೆ ಕುಸಿದು ಮುಚ್ಚುತ್ತಿತ್ತು. ಹೀಗಾಗಿ ಪಕ್ಕದ ಕೋಣೆಯಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯ ತಂಡ ಕಾಯುತ್ತಾ ಕೂರಬೇಕಿತ್ತು. ಇನ್ನು ಕೆಲವರಲ್ಲಿ, ಮೂವರಲ್ಲಿ ಒಬ್ಬರಿಗೆ ಎನ್ನುವಷ್ಟು, ಆರು ತಿಂಗಳೊಳಗೆ ಅದೇ ಜಾಗ ಮತ್ತೆ ಕಿರಿದಾಗುತ್ತಿತ್ತು. ಗುಡ್ಡ ಅಗೆದು ಸುರಂಗ ಕೊರೆದರೆ ಸಾಲದು, ಒಳಗೆ ಕಮಾನು ಕಟ್ಟಬೇಕು ಎಂಬುದು ಕೊಂಕಣ ರೈಲಿನ ದಾರಿ ನೋಡಿದ ನಮಗೆ ಗೊತ್ತು. ಆ ಕಮಾನೇ ಸ್ಟೆಂಟ್.

ಫ್ರಾನ್ಸಿನ ಟುಲೂಸ್‌ನಲ್ಲಿ ಜಾಕ್ ಪುಯೆಲ್ 1986ರ ಮಾರ್ಚ್ 28ರಂದು ಮನುಷ್ಯನ ಹೃದಯದ ನಾಳದಲ್ಲಿ ಮೊದಲ ಸ್ಟೆಂಟ್ ಇಟ್ಟರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಉಲ್ರಿಚ್ ಸಿಗ್ವಾರ್ಟ್ ಕೂಡ ಇಟ್ಟರು. ಅದು ತಂತಿಯಿಂದ ನೇಯ್ದ, ತಾನಾಗಿ ಹಿಗ್ಗುವ ಬಲೆ. ಆದರೆ ಜಗತ್ತಿನಾದ್ಯಂತ ಹರಡಿದ ಮಾದರಿ ಬೇರೊಂದು ಕಡೆಯಿಂದ ಬಂತು, ಮತ್ತು ಅದರ ಹುಟ್ಟು ಗೋವಾದ ನಮ್ಮ ಗೌಂಡಿಗಳಿಗೆ ಕೇಳಿದೊಡನೆ ತಿಳಿಯುವಂಥದ್ದು.

ಅರ್ಜೆಂಟೀನಾದಲ್ಲಿ ಹುಟ್ಟಿದ ಹೂಲಿಯೊ ಪಾಲ್ಮಾಸ್ 1978ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಗ್ರುಂಟ್‌ಸಿಗ್ ಅವರ ಭಾಷಣ ಕೇಳಿದರು. ಬಲೂನು ತೆಗೆದ ಮೇಲೆ ನಾಳವನ್ನು ಏನು ಹಿಡಿದಿಡಬೇಕು ಎಂಬ ಪ್ರಶ್ನೆ ಅವರ ತಲೆ ಹೊಕ್ಕಿತು. ತಂತಿ ತಂದು, ಬೆಸುಗೆ ಹಾಕಿ, ಬಗೆಬಗೆಯ ಜಾಳಿಗೆ ಮಾಡಿ ನೋಡಿದರು. ಒಂದು ದಿನ ಮನೆಯ ಗ್ಯಾರೇಜಿನಲ್ಲಿ ಕೆಲಸದವರು ಬಿಟ್ಟುಹೋದ ಲೋಹದ ಜಾಳಿಯ ತುಂಡು ಸಿಕ್ಕಿತು. ಗಿಲಾವು ಗೋಡೆಯಿಂದ ಉದುರದಿರಲೆಂದು ಹೊಡೆಯುತ್ತಾರಲ್ಲ, ಆ ಜಾಳಿ. ತಗಡಿಗೆ ಸಾಲಾಗಿ ಸೀಳು ಹಾಕಿ ಎಳೆದರೆ ಸೀಳುಗಳು ವಜ್ರಾಕೃತಿಯ ಕಿಂಡಿಗಳಾಗಿ ತೆರೆದುಕೊಳ್ಳುತ್ತವೆ. ಎಳೆದು ಬಿಟ್ಟ ಮೇಲೆ ಮತ್ತೆ ಮುದುಡುವುದಿಲ್ಲ. ಪಾಲ್ಮಾಸ್‌ಗೆ ಬೇಕಿದ್ದದ್ದು ಅಷ್ಟೇ. ಸಣ್ಣ ಉಕ್ಕಿನ ಕೊಳವೆಗೆ ಅದೇ ರೀತಿ ಸೀಳು ಹಾಕಿ, ಬಲೂನಿನ ಮೇಲೆ ಅದುಮಿ ಕೂರಿಸಿದರೆ, ಬಲೂನು ಉಬ್ಬಿದಾಗ ಕೊಳವೆ ಹಿಗ್ಗುತ್ತದೆ, ಬಲೂನು ಹೊರಬಂದ ಮೇಲೆ ಹಿಗ್ಗಿದಂತೆಯೇ ನಿಲ್ಲುತ್ತದೆ. ಹೃದಯತಜ್ಞ ರಿಚರ್ಡ್ ಶಾಟ್ಸ್ ಅವರ ಜೊತೆಗೂಡಿದರು. ಹೋಟೆಲ್ ಉದ್ಯಮಿ ಫಿಲ್ ರೊಮಾನೊ ಹಣ ಹಾಕಿದರು. 1988ರಲ್ಲಿ ಪೇಟೆಂಟ್, 1994ರಲ್ಲಿ ಹೃದಯದ ನಾಳಕ್ಕೆ ಅಮೆರಿಕದ ಅನುಮತಿ ಸಿಕ್ಕಿತು. ವಿಜಯಪುರದ ಗೌಂಡಿ ಗೋವಾದ ಗೋಡೆಗೆ ಜಾಳಿ ಹೊಡೆಯುವಾಗ ಕೈಯಲ್ಲಿ ಹಿಡಿದಿರುವುದೂ, ಅದೇ ಗೌಂಡಿಯ ಎದೆಯೊಳಗೆ ಬಾಂಬೋಳಿಯ ವೈದ್ಯರು ಕೂರಿಸುವುದೂ ಒಂದೇ ಯೋಚನೆಯ ಎರಡು ರೂಪ. ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಆರಂಭದ ದಿನಗಳು ಸುಲಭವಾಗಿರಲಿಲ್ಲ. ರಕ್ತಕ್ಕೆ ಲೋಹ ಪರಕೀಯ, ಮುಟ್ಟಿದಲ್ಲಿ ಹೆಪ್ಪುಗಟ್ಟುತ್ತದೆ. ನೇಯ್ದ ಸ್ಟೆಂಟ್ ಹಾಕಿಸಿಕೊಂಡ 105 ರೋಗಿಗಳಲ್ಲಿ 24 ಶೇಕಡಾ ಮಂದಿಗೆ ಅದು ಮುಚ್ಚಿಹೋಯಿತೆಂದು 1991ರಲ್ಲಿ ಯುರೋಪಿನ ವೈದ್ಯರು ಮುಚ್ಚುಮರೆಯಿಲ್ಲದೆ ಬರೆದರು. ಹೆಪ್ಪುಗಟ್ಟದಿರಲೆಂದು ಕೊಡುತ್ತಿದ್ದ ಔಷಧಗಳಿಂದ ರಕ್ತಸ್ರಾವ. ಈ ಇಕ್ಕಟ್ಟಿನಿಂದ ಬಿಡುಗಡೆ ಮಾಡಿದ್ದು ಮಿಲಾನಿನ ವೈದ್ಯ ಅಂತೋನಿಯೊ ಕೊಲಂಬೊ. ನಾಳದೊಳಗೆ ಅಲ್ಟ್ರಾಸೌಂಡ್ ಇಳಿಸಿ ನೋಡಿದಾಗ, ಸ್ಟೆಂಟುಗಳು ಗೋಡೆಗೆ ಪೂರ್ತಿ ತಾಗದೆ ಅರೆಬರೆ ತೆರೆದಿದ್ದವು. ಹೆಚ್ಚಿನ ಒತ್ತಡದಲ್ಲಿ ಬಲೂನು ಉಬ್ಬಿಸಿ ಸ್ಟೆಂಟನ್ನು ಗೋಡೆಗೆ ಕೂರಿಸಬೇಕು, ಜೊತೆಗೆ ರಕ್ತದ ಕಿರುಬಿಲ್ಲೆಗಳು ಅಂಟಿಕೊಳ್ಳದಂತೆ ಎರಡು ಬಗೆಯ ಮಾತ್ರೆ ಕೊಡಬೇಕು ಎಂದು 1995ರಲ್ಲಿ ತೋರಿಸಿಕೊಟ್ಟರು. ಇಂದಿಗೂ ಸ್ಟೆಂಟ್ ಹಾಕಿಸಿಕೊಂಡವರಿಗೆ ಎರಡು ಮಾತ್ರೆ ಕಡ್ಡಾಯ ಎನ್ನುವುದರ ಮೂಲ ಅಲ್ಲಿದೆ. ಬಲೂನು ಒತ್ತುವ ಬಲ ಎಷ್ಟೆಂದರೆ, ಕಾರಿನ ಟೈರಿನೊಳಗಿನ ಗಾಳಿಯ ಒತ್ತಡದ ಆರೇಳು ಪಟ್ಟು.

ಮರಳಿ ಕಿರಿದಾಗುವ ಕಾಟ ಮಾತ್ರ ಹೋಗಲಿಲ್ಲ. ಗಾಯಕ್ಕೆ ದೇಹ ಮಾಂಸ ತುಂಬುತ್ತದೆ, ಅದು ದೇಹದ ಗುಣ. ಸ್ಟೆಂಟಿನ ಕಿಂಡಿಗಳ ನಡುವಿನಿಂದಲೂ ಮಾಂಸ ಬೆಳೆದು ಒಳಗೆ ಬರುತ್ತಿತ್ತು. ಬರೀ ಬಲೂನಿನಲ್ಲಿ 32 ಶೇಕಡಾ ಇದ್ದ ಮರುಕಿರಿದಾಗುವಿಕೆ ಸ್ಟೆಂಟಿನಿಂದ 22ಕ್ಕಿಳಿಯಿತೆಂದು 1994ರ ಯುರೋಪಿನ ಪರೀಕ್ಷೆ ಹೇಳಿತು. ಇಳಿಯಿತು, ನಿಜ, ಆದರೂ ಐವರಲ್ಲಿ ಒಬ್ಬರಿಗೆ ಮತ್ತೆ ಅದೇ ಕಥೆ.

ಇದಕ್ಕೆ ಉತ್ತರ ಬಂದದ್ದು ಶಾಂತಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಿಂದ, ನಮ್ಮ ಉಪಖಂಡದ ಒಬ್ಬ ವಿಜ್ಞಾನಿಯ ಹಟದಿಂದ. 1964ರಲ್ಲಿ ಕೆನಡಾದ ವೈದ್ಯರ ತಂಡವೊಂದು ಆ ದ್ವೀಪಕ್ಕೆ ಹೋಗಿ ಮಣ್ಣಿನ ಮಾದರಿ ತಂದಿತ್ತು. ಮಾಂಟ್ರಿಯಲ್‌ನ ಏಯರ್ಸ್ಟ್ ಔಷಧ ಕಂಪನಿಯಲ್ಲಿ ಸುರೇಂದ್ರನಾಥ ಸೆಹಗಲ್ ಆ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಹೊಸ ವಸ್ತುವನ್ನು ಬೇರ್ಪಡಿಸಿದರು. ಸೆಹಗಲ್ ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಹಳ್ಳಿಯಲ್ಲಿ, ಓದಿದ್ದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ. ದ್ವೀಪವಾಸಿಗಳು ತಮ್ಮ ನೆಲವನ್ನು ರಾಪಾ ನೂಯಿ ಎನ್ನುತ್ತಾರೆ. ಹಾಗಾಗಿ ವಸ್ತುವಿಗೆ ರಾಪಾಮೈಸಿನ್ ಎಂದು ಹೆಸರಾಯಿತು. ಶಿಲೀಂಧ್ರ ಕೊಲ್ಲುವ ಔಷಧವಾಗಬಹುದೆಂದು ಹುಡುಕಿದ್ದು. ಆದರೆ ಅದು ಜೀವಕೋಶಗಳ ಬೆಳವಣಿಗೆಯನ್ನೇ ತಡೆಯುವುದೆಂದು, ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುವುದೆಂದು ತಿಳಿಯಿತು. ಕಂಪನಿಗೆ ಆಸಕ್ತಿ ಹೋಯಿತು. ಎಂಬತ್ತರ ದಶಕದ ಆರಂಭದಲ್ಲಿ ಮಾಂಟ್ರಿಯಲ್ ಪ್ರಯೋಗಾಲಯ ಮುಚ್ಚಿ, ಉಳಿದದ್ದನ್ನು ಎಸೆಯುವ ಹೊತ್ತು ಬಂತು. ಸೆಹಗಲ್ ಆ ಸೂಕ್ಷ್ಮಜೀವಿಯನ್ನು ಎಸೆಯಲಿಲ್ಲ. ಮನೆಗೆ ತಂದು ಫ್ರೀಜರಿನಲ್ಲಿಟ್ಟರು. ಅಮೆರಿಕಕ್ಕೆ ಮನೆ ಬದಲಿಸುವಾಗಲೂ ಜತನದಿಂದ ಒಯ್ದರು. ಕೆಲವು ವರ್ಷಗಳ ಮೇಲೆ ಕಂಪನಿ ಇನ್ನೊಂದರಲ್ಲಿ ವಿಲೀನವಾಗಿ ಹೊಸ ಆಡಳಿತ ಬಂದಾಗ, ಮತ್ತೆ ಬೇಡಿಕೊಂಡು ಕೆಲಸ ಶುರುಮಾಡಿದರು. 1999ರಲ್ಲಿ ಅದು ಮೂತ್ರಪಿಂಡ ಕಸಿಯ ರೋಗಿಗಳ ಔಷಧವಾಗಿ ಅನುಮತಿ ಪಡೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಎಡುವಾರ್ಡೊ ಸೋಸಾ ಈ ಔಷಧ ಲೇಪಿಸಿದ ಸ್ಟೆಂಟನ್ನು ಮೊದಲ ಬಾರಿಗೆ ಮನುಷ್ಯರಲ್ಲಿ ಇಟ್ಟರು. ಲೋಹದ ಮೇಲಿನ ತೆಳುಲೇಪದಿಂದ ಔಷಧ ವಾರಗಟ್ಟಲೆ ಇಷ್ಟಿಷ್ಟೇ ಇಳಿದು, ಗಾಯದ ಮಾಂಸ ಮಿತಿಮೀರಿ ಬೆಳೆಯದಂತೆ ತಡೆಯುತ್ತದೆ. 2002ರಲ್ಲಿ ಪ್ರಕಟವಾದ 238 ರೋಗಿಗಳ ಪರೀಕ್ಷೆಯಲ್ಲಿ ಬರೀ ಲೋಹದ ಸ್ಟೆಂಟ್ 26.6 ಶೇಕಡಾ ಮಂದಿಯಲ್ಲಿ ಮತ್ತೆ ಕಿರಿದಾದರೆ, ಔಷಧ ಲೇಪಿತ ಸ್ಟೆಂಟ್ ಒಬ್ಬರಲ್ಲೂ ಕಿರಿದಾಗಲಿಲ್ಲ. ಅಮೆರಿಕ ಅನುಮತಿ ಕೊಟ್ಟದ್ದು 2003ರ ಏಪ್ರಿಲ್‌ನಲ್ಲಿ. ಸೆಹಗಲ್ ಆ ವರ್ಷದ ಜನವರಿಯಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ನಮ್ಮ ಶಾಲಾ ಪಠ್ಯಗಳಲ್ಲಿ ಈ ಹೆಸರು ಇರಬೇಕಿತ್ತು.

ಮೊದಲ ತಲೆಮಾರಿನ ಔಷಧ ಲೇಪಿತ ಸ್ಟೆಂಟಿನ ಎಳೆಗಳು 140 ಮೈಕ್ರಾನ್ ದಪ್ಪ, ತಲೆಗೂದಲಿನ ಸುಮಾರು ಎರಡು ಪಟ್ಟು. ಕೆಲವರಲ್ಲಿ ವರ್ಷ ಕಳೆದ ಮೇಲೂ ಹೆಪ್ಪುಗಟ್ಟುತ್ತದೆಂದು 2006ರಲ್ಲಿ ಬಾರ್ಸಿಲೋನಾದ ಸಮ್ಮೇಳನದಲ್ಲಿ ದೊಡ್ಡ ಆತಂಕ ಎದ್ದಿತು. ಆ ಮೇಲೆ ಬಂದವು ಕೋಬಾಲ್ಟ್ ಕ್ರೋಮಿಯಂ ಲೋಹದ, 80 ಮೈಕ್ರಾನ್ ಆಸುಪಾಸಿನ ತೆಳು ಎಳೆಗಳವು. ಕರಗಿಹೋಗುವ ಸ್ಟೆಂಟಿನ ಕನಸನ್ನೂ ಕಂಡರು. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿದ್ದು 2017ರಲ್ಲೇ ಮಾರಾಟ ನಿಂತಿತು. ಅದೇ ಕಾಲಕ್ಕೆ ಸೂರತ್‌ನ ಒಂದು ಕಾರ್ಖಾನೆ 60 ಮೈಕ್ರಾನ್ ಎಳೆಯ ಸ್ಟೆಂಟ್ ಮಾಡುತ್ತಿತ್ತು. ಯುರೋಪಿನ 23 ಆಸ್ಪತ್ರೆಗಳ 1,435 ರೋಗಿಗಳಲ್ಲಿ ಅದನ್ನು ಹೆಸರಾಂತ ಅಮೆರಿಕನ್ ಸ್ಟೆಂಟಿನ ಜೊತೆ ಹೋಲಿಸಿ, ಯಾವುದರಲ್ಲೂ ಕಡಿಮೆಯಿಲ್ಲವೆಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ‘ಇಂಡಿಯನ್ ಹಾಕಲೋ, ಫಾರಿನ್ ಹಾಕಲೋ’ ಎಂಬ ಪ್ರಶ್ನೆಯನ್ನು ಹೆದರಿ ನಿಂತ ಮನೆಯವರ ಮುಂದಿಡುವುದು ಇನ್ನಾದರೂ ನಿಲ್ಲಬೇಕು.

ಬೆಲೆಯ ವಿಷಯವೂ ನೆನಪಿರಲಿ. ತೊಂಬತ್ತರ ದಶಕದಲ್ಲೇ ಹೈದರಾಬಾದಿನಲ್ಲಿ ಅಬ್ದುಲ್ ಕಲಾಂ ಮತ್ತು ಹೃದಯತಜ್ಞ ಸೋಮರಾಜು ಸೇರಿ ಕಡಿಮೆ ಬೆಲೆಯ ದೇಶೀ ಸ್ಟೆಂಟ್ ಮಾಡಿದ್ದರು. ಆದರೂ ಮಾರುಕಟ್ಟೆಯಲ್ಲಿ ಔಷಧ ಲೇಪಿತ ಸ್ಟೆಂಟಿಗೆ ಲಕ್ಷ ಮೀರಿದ ದರ ನಡೆಯುತ್ತಲೇ ಇತ್ತು. ವಕೀಲ ಬೀರೇಂದರ್ ಸಾಂಗ್ವಾನ್ ದೆಹಲಿ ಹೈಕೋರ್ಟಿಗೆ ಹೋದರು. ಕಾರ್ಖಾನೆಯಿಂದ ರೋಗಿಯವರೆಗೆ ಬರುವಷ್ಟರಲ್ಲಿ ಲಾಭ 654 ಶೇಕಡಾವರೆಗೂ ಏರುತ್ತಿತ್ತೆಂದು ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವೇ ಹೇಳಿತು. 2017ರ ಫೆಬ್ರುವರಿ 13ರ ಆದೇಶದಲ್ಲಿ ಬರೀ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತಕ್ಕೆ 29,600 ರೂಪಾಯಿ ಗರಿಷ್ಠ ಬೆಲೆ ಗೊತ್ತಾಯಿತು. ಈ ಎರಡು ದಶಕಗಳಲ್ಲಿ ಬಡವರ ಹೃದಯಕ್ಕೆ ಸಂದ ದೊಡ್ಡ ನ್ಯಾಯ ಇದು ಎಂದೇ ನನ್ನ ಎಣಿಕೆ.

ಹಾಗಾದರೆ ಸ್ಟೆಂಟ್ ಚೆನ್ನಾಗಿದೆ, ಬೆಲೆ ಇಳಿದಿದೆ, ಇನ್ನೇನು ಬಾಕಿ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ಹೃದಯ ರೋಗಿಗಳ ಲೆಕ್ಕವನ್ನು 2008ರಲ್ಲಿ ಪ್ರಕಟಿಸಿದರು. ಎದೆನೋವು ಶುರುವಾಗಿ ಆಸ್ಪತ್ರೆ ತಲುಪಲು ಹಿಡಿದ ಹೊತ್ತು, ನಡುಲೆಕ್ಕದಲ್ಲಿ, 360 ನಿಮಿಷ. ಆರು ಗಂಟೆ! 30 ದಿನಗಳೊಳಗೆ ಶ್ರೀಮಂತರಲ್ಲಿ 5.5 ಶೇಕಡಾ ಸತ್ತರೆ ಬಡವರಲ್ಲಿ 8.2 ಶೇಕಡಾ. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಅಂತರ ಅಳಿಸಿಹೋಗುತ್ತಿತ್ತು. ಬಡವರ ಹೃದಯ ಬೇರೆಯಲ್ಲ. ಅವರಿಗೆ ಸಿಗುವ ಚಿಕಿತ್ಸೆ ಬೇರೆ.

ಈ ಆರು ಗಂಟೆ ಎಲ್ಲಿ ಹೋಗುತ್ತದೆಂದು ನಮ್ಮ ಮನೆಗಳಲ್ಲೇ ನೋಡಬಹುದು. ಗ್ಯಾಸು ಎಂದು ಸೋಡಾ ಕುಡಿಸುವುದು, ಬೆನ್ನು ತಿಕ್ಕುವುದು, ಬೆಳಗಾಗಲಿ ಎಂದು ಕಾಯುವುದು, ಹತ್ತಿರದ ಕ್ಲಿನಿಕ್ಕಿನಲ್ಲಿ ಚುಚ್ಚುಮದ್ದು ಹಾಕಿಸುವುದು, ಅಲ್ಲಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ. ಕೊನೆಗೆ ಸ್ಟೆಂಟ್ ಹಾಕುವ ಕ್ಯಾತ್‌ಲ್ಯಾಬ್ ಇರುವ ಊರು ಮುಟ್ಟುವಾಗ ಸ್ನಾಯು ಸತ್ತಿರುತ್ತದೆ.

ಗೋವಾ ಮಾಡಿದ ಕೆಲಸ ದೊಡ್ಡದೆನಿಸುವುದು ಇಲ್ಲೇ. 2018ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ‘ಸ್ಟೆಮಿ ಗೋವಾ’ ಯೋಜನೆ ಆರಂಭಿಸಿತು. ನಾಳ ಪೂರ್ತಿ ಮುಚ್ಚಿದ ತೀವ್ರ ಹೃದಯಾಘಾತಕ್ಕೆ ವೈದ್ಯರ ಭಾಷೆಯಲ್ಲಿ ಸ್ಟೆಮಿ ಎನ್ನುತ್ತಾರೆ. ಬಾಂಬೋಳಿ ನಡುಗಂಬ, ಕಾಣಕೋಣ, ವಾಳಪೈ, ಫೋಂಡಾ ಮೊದಲಾದ ಕಡೆಯ ಸರ್ಕಾರಿ ಆಸ್ಪತ್ರೆಗಳು ಅದಕ್ಕೆ ಕಟ್ಟಿದ ಎಳೆಗಳು. ಎದೆನೋವೆಂದು ಬಂದವರಿಗೆ ಅಲ್ಲೇ ಇಸಿಜಿ ತೆಗೆಯುತ್ತಾರೆ. ಆ ಇಸಿಜಿ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಹೃದಯತಜ್ಞ ಚರಿತ್ ಭೋಗರಾಜ್ ಕಟ್ಟಿದ ಟ್ರೈಕಾಗ್ ಸಂಸ್ಥೆಯಲ್ಲಿ ಕಂಪ್ಯೂಟರು ಮೊದಲು ಓದಿ, ವೈದ್ಯರು ಪರಿಶೀಲಿಸಿ, ಕೆಲವೇ ನಿಮಿಷದಲ್ಲಿ ಉತ್ತರ ಕಳಿಸುತ್ತಾರೆ. ಕಾಣಕೋಣದ ಕಾಡಂಚಿನ ರೈತನ ಎದೆಬಡಿತವನ್ನು ಬೆಂಗಳೂರಿನಲ್ಲಿ ಕುಳಿತವರು ಓದಿ, ಬಾಂಬೋಳಿಯ ವೈದ್ಯರು ತಿಳಿದು, ರೋಗಿ ಇರುವಲ್ಲೇ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಔಷಧ ಕೊಡುತ್ತಾರೆ. ರೋಗಿಯ ತೂಕ ನೋಡಿ ಒಂದೇ ಸಲಕ್ಕೆ ಕೊಡುವ ಚುಚ್ಚುಮದ್ದು, ಗಂಟೆಗಟ್ಟಲೆ ಡ್ರಿಪ್ ಹಿಡಿಯಬೇಕಿಲ್ಲ. ಸಾವಿರಾರು ರೂಪಾಯಿ ಬೆಲೆಯ ಈ ಔಷಧ ಅಲ್ಲಿ ಉಚಿತ. ಹೆಪ್ಪು ಕರಗಿ ನಾಳ ಸ್ವಲ್ಪವಾದರೂ ತೆರೆದುಕೊಂಡ ಮೇಲೆ 108 ಆಂಬುಲೆನ್ಸಿನಲ್ಲಿ ಬಾಂಬೋಳಿಗೆ ಒಯ್ದು, ಆಂಜಿಯೋಗ್ರಾಂ ಮಾಡಿ, ಬೇಕಾದಲ್ಲಿ ಸ್ಟೆಂಟ್ ಹಾಕುತ್ತಾರೆ. ಎರಡು ಗಂಟೆಯೊಳಗೆ ಕ್ಯಾತ್‌ಲ್ಯಾಬ್ ತಲುಪಲಾಗದ ರೋಗಿಗೆ ಮೊದಲು ಚುಚ್ಚುಮದ್ದು, ಆಮೇಲೆ ಸ್ಟೆಂಟ್ ಎಂಬ ಈ ಕ್ರಮವನ್ನು ಜಗತ್ತಿನ ವೈದ್ಯರು ಒಪ್ಪಿದ್ದಾರೆ.

ಇದಕ್ಕೆ ಮೊದಲು ಇದೇ ಬಗೆಯ ಜಾಲವನ್ನು ತಮಿಳುನಾಡಿನಲ್ಲಿ ಕೊಯಮತ್ತೂರಿನ ಥಾಮಸ್ ಅಲೆಕ್ಸಾಂಡರ್ ಮತ್ತು ಸಂಗಡಿಗರು ಕಟ್ಟಿ ನೋಡಿದ್ದರು. 2,420 ರೋಗಿಗಳ ಆ ಅಧ್ಯಯನದಲ್ಲಿ ಒಂದು ವರ್ಷದೊಳಗಿನ ಸಾವು 17.6 ಶೇಕಡಾದಿಂದ 14.2ಕ್ಕೆ ಇಳಿಯಿತು. ಹೊಸ ಲೋಹ ಬಂದಿರಲಿಲ್ಲ, ಹೊಸ ಔಷಧ ಬಂದಿರಲಿಲ್ಲ. ಇದ್ದ ಆಸ್ಪತ್ರೆಗಳನ್ನು, ಇದ್ದ ಆಂಬುಲೆನ್ಸುಗಳನ್ನು ಒಂದಕ್ಕೊಂದು ಹೊಲಿದರು, ಅಷ್ಟೇ. ಮಂಗಳೂರಿನ ಪದ್ಮನಾಭ ಕಾಮತ್ ಕೂಡ 2018ರಿಂದ ಹಳ್ಳಿ ವೈದ್ಯರಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್ ಗುಂಪಿನಲ್ಲೇ ಇಸಿಜಿ ನೋಡಿ ದಾರಿ ಹೇಳುವ ಕೆಲಸ ಮಾಡುತ್ತಿದ್ದಾರೆ. ಕರ್ನಾಟಕ ಸರ್ಕಾರವೂ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಎಂಬ ಹೆಸರಲ್ಲಿ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗಳಿಗೆ ಜೋಡಿಸುತ್ತಿದೆ. 2021ರ ಅಕ್ಟೋಬರ್ 29ರಂದು 46 ವರ್ಷದ ನಟ ಪುನೀತ್ ಹೋದ ದಿನ ನಾಡೆಲ್ಲ ಅತ್ತಿತ್ತು. ಆ ಕಣ್ಣೀರು ಹಳ್ಳಿ ಆಸ್ಪತ್ರೆಯ ಇಸಿಜಿ ಯಂತ್ರವಾಗಿ ಉಳಿದರೆ ಅದಕ್ಕಿಂತ ಒಳ್ಳೆಯ ಸ್ಮಾರಕವಿಲ್ಲ.

ಆದರೂ ಗಡಿಯ ಜನರ ಪಾಡು ಬೇರೆ. ಕಾರವಾರದಿಂದ ಹುಬ್ಬಳ್ಳಿಗೆ ಸುಮಾರು 165 ಕಿಲೋಮೀಟರ್, ಅದೂ ಘಟ್ಟ ಹತ್ತಿ. ಮಣಿಪಾಲಕ್ಕೆ 200 ದಾಟುತ್ತದೆ. ಮಾಜಾಳಿ, ಪೋಳೆಂ ತಪಾಸಣಾ ಠಾಣೆ ದಾಟಿ ಬಾಂಬೋಳಿಗೆ ಹೆಚ್ಚುಕಡಿಮೆ 100. ಎದೆ ಹಿಡಿದವರ ಮನೆಯವರು ಯಾವ ದಾರಿ ಹಿಡಿಯುತ್ತಾರೆಂದು ಹೇಳಬೇಕಿಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಉಡುಪಿಯ ಕಡೆಗೆ ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ, ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯ ಉದ್ದಗಲಕ್ಕೂ ಎದ್ದಿತು. ಆ ಕೂಗು ನ್ಯಾಯವಾದದ್ದು. ಗೋವಾದ ಸರ್ಕಾರಿ ಆಸ್ಪತ್ರೆಗಳು 2018ರಿಂದ ಹೊರರಾಜ್ಯದವರಿಗೆ ಶುಲ್ಕ ಹಾಕುತ್ತಿವೆ. ತನ್ನ ಜನರ ತೆರಿಗೆ ಹಣದಲ್ಲಿ ನಡೆಯುವ ಸಣ್ಣ ರಾಜ್ಯವನ್ನು ಅದಕ್ಕಾಗಿ ದೂರಲಾರೆ. ಆದರೆ ಕಾರವಾರದ ಮೀನುಗಾರನ ಶುಲ್ಕವನ್ನು ಕರ್ನಾಟಕ ಸರ್ಕಾರ ತಾನೇ ಬಾಂಬೋಳಿಗೆ ಕಟ್ಟುವ ಒಪ್ಪಂದ ಯಾಕಾಗಬಾರದು? ಕಾರವಾರದ ಇಸಿಜಿ ನೇರವಾಗಿ ಬಾಂಬೋಳಿಯ ವೈದ್ಯರ ಫೋನಿಗೆ ಯಾಕೆ ಹೋಗಬಾರದು? ಇಸಿಜಿಯ ಅಲೆಗೆ ಮಾಜಾಳಿಯ ಗೇಟು ಅಡ್ಡ ಬರುವುದಿಲ್ಲ.

ಗೋವಾದಲ್ಲೇ ದುಡಿಯುವ ಕನ್ನಡಿಗರದು ಇನ್ನೊಂದು ತೊಡಕು. ಅಲ್ಲಿನ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡಿಗೆ ಐದು ವರ್ಷದ ವಾಸದ ದಾಖಲೆ ಬೇಕು. ಕಟ್ಟಡದಿಂದ ಕಟ್ಟಡಕ್ಕೆ ಷೆಡ್ಡು ಬದಲಿಸುವ ಕುಟುಂಬದ ಬಳಿ ಆ ಕಾಗದ ಎಲ್ಲಿಂದ ಬರಬೇಕು? ಊರಿನ ಕಾರ್ಡು ಊರಿನ ಟ್ರಂಕಿನಲ್ಲಿರುತ್ತದೆ. ಅಲ್ಲಿನ ಕನ್ನಡ ಸಂಘಗಳು ರಾಜ್ಯೋತ್ಸವವನ್ನು ಅದ್ದೂರಿಯಾಗಿ ಮಾಡುತ್ತವೆ, ಮಾಡಲಿ. ಅದರ ಜೊತೆ ವರ್ಷಕ್ಕೊಮ್ಮೆ ಕೂಲಿಕಾರರ ಕಾರ್ಡು, ಕಾಗದ ಸರಿಪಡಿಸುವ ಶಿಬಿರವನ್ನೂ ನಡೆಸಿದರೆ ಎಷ್ಟೋ ಎದೆಗಳು ಉಳಿಯುತ್ತವೆ. ಸ್ಟೆಂಟ್ ಹಾಕಿಸಿಕೊಂಡು ಮರಳಿದವರು ಎರಡು ತಿಂಗಳಿಗೆ ‘ಈಗ ಆರಾಮದೀನಿ’ ಎಂದು ಮಾತ್ರೆ ನಿಲ್ಲಿಸುವುದೂ ಇದೆ. ಮಾತ್ರೆಯ ದುಡ್ಡು ಉಳಿಸಲು ನಿಲ್ಲಿಸುತ್ತಾರೆ. ಮೊದಲ ವರ್ಷದಲ್ಲಿ ವೈದ್ಯರ ಮಾತಿಲ್ಲದೆ ಆ ಎರಡು ಮಾತ್ರೆ ಬಿಟ್ಟರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು. ಜೀವಕ್ಕೆ ಕುತ್ತು ತರುವ ಹೆಪ್ಪು ಅದು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ಕಡಿಮೆ ಬೆಲೆಯ ಜನೌಷಧಿ ಅಂಗಡಿಯಲ್ಲಿ ಕೇಳಿ, ಬಿಡಬೇಡಿ.

ಇನ್ನೊಂದು ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಪ್ರತಿ ಬ್ಲಾಕಿಗೂ ಸ್ಟೆಂಟ್ ಬೇಕಿಲ್ಲ. ಹೃದಯಾಘಾತದಲ್ಲಿ ಅದು ಜೀವ ಉಳಿಸುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ನಡೆದಾಗ ಮಾತ್ರ ಎದೆ ಹಿಡಿದು, ನಿಂತಾಗ ಬಿಡುವ ಸ್ಥಿರ ಕಾಯಿಲೆಯಲ್ಲಿ, ಒಳ್ಳೆಯ ಔಷಧೋಪಚಾರಕ್ಕಿಂತ ಸ್ಟೆಂಟ್ ಹೆಚ್ಚು ಸಾವುಗಳನ್ನು ತಪ್ಪಿಸುವುದಿಲ್ಲವೆಂದು 2007ರ 2,287 ರೋಗಿಗಳ ಪರೀಕ್ಷೆಯೂ, 2020ರಲ್ಲಿ ಪ್ರಕಟವಾದ 5,179 ರೋಗಿಗಳ ಪರೀಕ್ಷೆಯೂ ತೋರಿಸಿವೆ. ನೋವು ಕಡಿಮೆಯಾಗಲು ಅದು ನೆರವಾದೀತು. ಅಂಥಲ್ಲಿ ಎರಡನೇ ವೈದ್ಯರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. 2025ರ ಜೂನ್, ಜುಲೈಯಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತರು. ಭಯ ಬಂದಾಗ ಸಾಲು ನಿಲ್ಲುವುದಕ್ಕಿಂತ ಬಿಪಿ, ಸಕ್ಕರೆ, ತಂಬಾಕಿನ ಮೇಲೆ ವರ್ಷಪೂರ್ತಿ ಕಣ್ಣಿಡುವುದು ಹೆಚ್ಚು ಜೀವ ಉಳಿಸುತ್ತದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮುಂಚೆ, ಸರಾಸರಿ 53ಕ್ಕೇ ಬರುತ್ತದೆ ಎಂಬುದು 52 ದೇಶಗಳ ಅಧ್ಯಯನದಿಂದ ತಿಳಿದ ವಿಷಯ.

ಈ ಲೇಖನವನ್ನು ಗೋವಾದ ಯಾವುದಾದರೂ ಕಟ್ಟಡದ ಷೆಡ್ಡಿನಲ್ಲಿ, ಕಾರವಾರದ ಬಂದರಿನಲ್ಲಿ, ವಿಜಯಪುರದ ಮನೆಯಲ್ಲಿ ಓದುತ್ತಿರುವವರಿಗೆ ನನ್ನದೊಂದು ಕೋರಿಕೆ. ಎದೆಯ ನಡುವೆ ಭಾರ ಇಟ್ಟಂತಾಗಿ, ನೋವು ಎಡಗೈಗೋ ದವಡೆಗೋ ಹರಿದು, ತಣ್ಣನೆಯ ಬೆವರು ಬಂದರೆ, ಹತ್ತು ನಿಮಿಷವಾದರೂ ಬಿಡದಿದ್ದರೆ, ಅದನ್ನು ಗ್ಯಾಸು ಎನ್ನಬೇಡಿ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ಸುಸ್ತು, ಉಸಿರುಗಟ್ಟುವಿಕೆ, ವಾಂತಿಯಾಗಿಯೂ ಬರಬಹುದು. ನಡೆದುಕೊಂಡು ಹೋಗಬೇಡಿ, ಬೈಕಿನ ಹಿಂದೆ ಕೂರಿಸಿ ಒಯ್ಯಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಿ. ಈ ಸಂಖ್ಯೆ ಗೋವಾದಲ್ಲೂ ಅದೇ, ಕರ್ನಾಟಕದಲ್ಲೂ ಅದೇ.